ಎದ್ದು ನಡೆಯಲಾಗದವರಿಗೆ ಮೊದಲ ಹಾಸಿಗೆ

(ಊರಿನ ವೃದ್ಧರ ಶುಶ್ರೂಷಾ ಮನೆಯ ನಿಯಮಾವಳಿಯನ್ನು ಅಂಗೀಕರಿಸಲು ಸೇರಿದ್ದ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಸಿದ್ಧತಾ ಸಮಿತಿಯ ಪರವಾಗಿ ಮಾಡಿದ ಭಾಷಣ)



ರಾತ್ರಿ ಪಾಳಿಗೆ ಹೋಗಬೇಕಾದವರು ಇಲ್ಲಿ ಕುಳಿತಿದ್ದೀರಿ. ಹೊತ್ತಿಗೆ ಮುಂಚೆಯೇ ಅಂಗಡಿ ಮುಚ್ಚಿ ಬಂದವರೂ ಇದ್ದೀರಿ. ಆದುದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ನಿಮ್ಮ ಕೈಯಲ್ಲಿರುವ ಕರಡಿನ ಏಳನೆಯ ನಿಯಮವನ್ನು ನೋಡಿ. "ತಮ್ಮ ನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಬಲ್ಲ ವೃದ್ಧರಿಗೆ ಮಾತ್ರ ಪ್ರವೇಶ" ಎಂದು ಅಲ್ಲಿದೆ. ಈ ನಿಯಮವನ್ನು ಬರೆದವರು ನಾವೇ. ಇಂದು ಅದನ್ನು ಹೊಡೆದುಹಾಕಿರಿ ಎಂದು ಕೇಳಲು ನಿಂತಿರುವವರೂ ನಾವೇ. ಬರೆದದ್ದು ಏಕೆ, ಹೊಡೆಯಬೇಕಾದದ್ದು ಏಕೆ, ಹೊಡೆದರೆ ನಮ್ಮ ಮೇಲೆ ಬೀಳುವ ಹೊರೆ ಎಷ್ಟು, ಈ ಮೂರನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಅನಂತರ ನಿರ್ಧಾರ ನಿಮ್ಮದು.

ಬರೆದದ್ದು ಭಯದಿಂದ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಕೈಗಳು ಬೇಕು, ರಾತ್ರಿಯೆಲ್ಲ ಎಚ್ಚರವಿರುವ ಕಣ್ಣು ಬೇಕು, ಹಣ ಬೇಕು. ಅನೇಕ ವೃದ್ಧಾಶ್ರಮಗಳಲ್ಲಿ ಇಂಥ ನಿಯಮವಿದೆ. ನಾವೂ ಅದನ್ನೇ ನಕಲು ಮಾಡಿದೆವು. ಕರಡು ಅಚ್ಚಾದ ಮೇಲೆ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಕಛೇರಿಗೆ ಬಂದರು. ಅವರ ಹೆಂಡತಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಮಗ, ಸೊಸೆ ಇಬ್ಬರೂ ಹೊಟ್ಟೆಪಾಡಿಗಾಗಿ ಬೆಂಗಳೂರು ಸೇರಿದ್ದಾರೆ. ಏಳನೆಯ ನಿಯಮವನ್ನು ಯಾರದೋ ಕೈಲಿ ಓದಿಸಿ ಕೇಳಿದ ಅವರು ಒಂದೇ ಮಾತು ಹೇಳಿದರು: "ನಡೆಯುವವರಿಗೆ ನಿಮ್ಮ ಮನೆ ಯಾಕಪ್ಪಾ? ನಡೆಯುವವರಿಗೆ ಊರೆಲ್ಲಾ ಇದೆ. ಬಿದ್ದವರಿಗೆ ಏನು ಮಾಡಿದ್ದೀರಿ, ಅದನ್ನು ಹೇಳಿ."

ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಸಮಿತಿಯ ಪ್ರತಿಯೊಂದು ಬೈಠಕಿನಲ್ಲೂ ಇದೇ ಚರ್ಚೆ.

ಬಿದ್ದವರು ಯಾರು? ಬೇರೆ ಯಾರೂ ಅಲ್ಲ, ನಾವೇ. 2011ರ ಜನಗಣತಿಯಲ್ಲಿ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10 ಕೋಟಿ 40 ಲಕ್ಷ ಮಂದಿ ಇದ್ದರು. ಅವರಲ್ಲಿ ಗಿರಣಿಯವನ ಮುಪ್ಪು ಒಂದು ಬಗೆ, ಗದ್ದಿಗೆಯ ಮೇಲೆ ಕುಳಿತವನ ಮುಪ್ಪು ಇನ್ನೊಂದು ಬಗೆ. ಹತ್ತಿಯ ದೂಳನ್ನು ಇಪ್ಪತ್ತು ಮೂವತ್ತು ವರ್ಷ ಉಸಿರಿಗೆ ಎಳೆದುಕೊಂಡವನ ಎದೆ ಏನಾಗುತ್ತದೆ ಎಂಬುದನ್ನು ನಿಮಗೆ ವೈದ್ಯರು ಬಂದು ಹೇಳಬೇಕಾಗಿಲ್ಲ. ವಾರದ ರಜೆ ಮುಗಿಸಿ ಖಾತೆಯೊಳಕ್ಕೆ ಕಾಲಿಟ್ಟ ದಿನವೇ ಎದೆ ಬಿಗಿಯುವುದು ಆ ರೋಗದ ಮೊದಲ ಗುರುತು. ಬಿಸಿನೋಸಿಸ್ ಎಂದು ಅದರ ಹೆಸರು. ಅದನ್ನು ವೃತ್ತಿಯಿಂದ ಬರುವ ರೋಗವೆಂದು ಕಾನೂನೇ ಒಪ್ಪಿದೆ. ಮಗ್ಗದ ಖಾತೆಯ ಸದ್ದು ಕಿವಿಯನ್ನು ತಿನ್ನುತ್ತದೆ. ಪಾಳಿಯುದ್ದಕ್ಕೂ ನಿಂತ ಕಾಲು ಮುಪ್ಪಿನಲ್ಲಿ ಸೇಡು ತೀರಿಸಿಕೊಳ್ಳುತ್ತದೆ.

ಕೈಯಲ್ಲಿರುವ ಹಣವೆಷ್ಟು? ಕಾರ್ಮಿಕರ ಭವಿಷ್ಯನಿಧಿಗೆ ಸೇರಿದ ಪಿಂಚಣಿಯಲ್ಲಿ ಕನಿಷ್ಠ ಮೊತ್ತವೆಂದು 2014ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 1000 ರೂಪಾಯಿ. ದಿನಕ್ಕೆ ಲೆಕ್ಕ ಹಾಕಿದರೆ 33 ರೂಪಾಯಿ ಚಿಲ್ಲರೆ. ಸಣ್ಣ ವ್ಯಾಪಾರಿಯ ಸ್ಥಿತಿ ಇದಕ್ಕಿಂತ ಮೇಲೇನೂ ಅಲ್ಲ. ಅವನಿಗೆ ಗ್ರಾಚ್ಯುಟಿಯಿಲ್ಲ, ಭವಿಷ್ಯನಿಧಿಯಿಲ್ಲ. ಅಂಗಡಿಯ ಬಾಗಿಲು ತೆಗೆಯಲು ಶಕ್ತಿ ಇರುವ ತನಕ ಅವನ ಸಂಪಾದನೆ. ಉದ್ರಿ ಕೊಟ್ಟ ಲೆಕ್ಕ ಪುಸ್ತಕದಲ್ಲಿ ಉಳಿಯುತ್ತದೆ, ವಸೂಲಿಗೆ ಓಡಾಡುವ ಕಾಲು ಉಳಿಯುವುದಿಲ್ಲ. ಆದುದರಿಂದ ಗಿರಣಿಯವರೂ ಅಂಗಡಿಯವರೂ ಈ ಕೆಲಸದಲ್ಲಿ ಒಂದಾಗಿರುವುದು ಯಾರೂ ಯಾರಿಗೂ ಮಾಡುವ ಉಪಕಾರವಲ್ಲ. ಇಬ್ಬರಿಗೂ ಒಂದೇ ಹಾಸಿಗೆ ಕಾದಿದೆ.

ಈ ಕೆಲಸಕ್ಕೆ ಹೊರಟಾಗಿನಿಂದ ಮೂರು ಆಕ್ಷೇಪಣೆಗಳನ್ನು ಕೇಳಿದ್ದೇವೆ.

ಮೊದಲನೆಯದು: ತಂದೆತಾಯಿಗಳನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಊರಿಗೇಕೆ ಆ ತಲೆನೋವು? ಧರ್ಮ ಹೌದು. ಆದರೆ ಮನೆಯಲ್ಲಿ ಆ ಧರ್ಮವನ್ನು ಮಾಡುತ್ತಿರುವವರು ಯಾರು? ಮಗನಲ್ಲ. ಹೆಂಡತಿ, ಸೊಸೆ, ಮದುವೆಯಾಗದೆ ಉಳಿದ ಮಗಳು. ಮಾವನ ಮಲಮೂತ್ರ ತೆಗೆದು, ಗಂಡನ ಬುತ್ತಿ ಕಟ್ಟಿ, ಮಗುವನ್ನು ಶಾಲೆಗೆ ಕಳಿಸುವ ಹೆಣ್ಣುಮಗಳು ಬೀಡಿ ಕಟ್ಟುವುದನ್ನೋ ಹೊಲಿಗೆಯನ್ನೋ ಬಿಟ್ಟು ಕೂರಬೇಕಾಗುತ್ತದೆ. ಅವಳು ಕಳೆದುಕೊಂಡ ಕೂಲಿಯನ್ನು ಯಾವ ಹಾಜರಿ ಪುಸ್ತಕವೂ ಬರೆಯುವುದಿಲ್ಲ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕಾನೂನು ಬಂತು. ನಿರ್ಲಕ್ಷ್ಯಕ್ಕೆ ಗುರಿಯಾದ ತಂದೆತಾಯಿಗಳು ಅದರ ಆಧಾರದ ಮೇಲೆ ನ್ಯಾಯಮಂಡಳಿಗೆ ಹೋಗಬಹುದು. ಉಳ್ಳ ಮಗ ಕೊಡದಿದ್ದರೆ ಕಾನೂನು ಕೊಡಿಸೀತು. ಇಲ್ಲದ ಮಗನಿಂದ ಯಾವ ಕಾನೂನು ಏನನ್ನು ಕೊಡಿಸೀತು?

ಎರಡನೆಯದು: ಇದು ಸರಕಾರದ ಕೆಲಸ. ಇದನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಮುಪ್ಪಿನಲ್ಲಿ, ರೋಗದಲ್ಲಿ, ನಿರುದ್ಯೋಗದಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕನ್ನು ದೊರಕಿಸಿಕೊಡಬೇಕೆಂದು ಸಂವಿಧಾನದ 41ನೆಯ ವಿಧಿ ಹೇಳುತ್ತದೆ. ಆದರೆ "ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ" ಎಂಬ ಬಾಗಿಲನ್ನೂ ಅದೇ ವಿಧಿ ತೆರೆದಿಟ್ಟಿದೆ. 2007ರ ಕಾನೂನಿನ 19ನೆಯ ಕಲಮು ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳ ಎಂದು ಹೇಳುತ್ತದೆ. ಅಲ್ಲಿಯೂ "ಸ್ಥಾಪಿಸತಕ್ಕದ್ದು" ಎಂದಿಲ್ಲ, "ಸ್ಥಾಪಿಸಬಹುದು" ಎಂದಿದೆ. ಆ ಒಂದು ಶಬ್ದದ ಸಂದಿನಲ್ಲಿ ಎಷ್ಟು ಮಂದಿ ಮುದುಕರು ಬೀದಿಯಲ್ಲಿ ಉಳಿದರೋ ಲೆಕ್ಕವಿಟ್ಟವರಿಲ್ಲ. "ಬಹುದು" ಹೋಗಿ "ತಕ್ಕದ್ದು" ಬರುವ ತನಕ ನಮ್ಮ ಹೋರಾಟ ನಿಲ್ಲಬಾರದು.

ಆದರೆ ಸರಕಾರ ಕಟ್ಟಡ ಕಟ್ಟಿ ಕೊಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಯಿತೇ? ಇಂಗ್ಲೆಂಡಿನ ಕಥೆಯನ್ನು ಸ್ವಲ್ಪ ಕೇಳಿ. ಅಲ್ಲಿ 1834ರ ಬಡವರ ಕಾನೂನು ದುಡಿಯಲಾಗದ ಮುದುಕರನ್ನು ವರ್ಕ್‌ಹೌಸ್ ಎಂಬ ದುಡಿಮೆ ಮನೆಗಳಿಗೆ ದೂಡಿತು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. ಅದರ ಹೆಸರು ಕೇಳಿದರೇ ಬಡವರು ನಡುಗುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಧಿಕಾರಕ್ಕೆ ಬಂದ ಲೇಬರ್ ಸರಕಾರ 1948ರಲ್ಲಿ ರಾಷ್ಟ್ರೀಯ ಸಹಾಯ ಕಾನೂನನ್ನು ತಂದು ಆ ಹಳೆಯ ವ್ಯವಸ್ಥೆಗೆ ತೆರೆ ಎಳೆಯಿತು. ವೃದ್ಧರಿಗೆ ಚಿಕ್ಕ ಚಿಕ್ಕ ಮನೆಗಳು ಬರಬೇಕು, ಅಲ್ಲಿರುವವರು ಭಿಕ್ಷುಕರಂತಲ್ಲ, ಬಾಡಿಗೆ ಕೊಟ್ಟು ತಂಗಿದ ಅತಿಥಿಗಳಂತೆ ಇರಬೇಕು ಎಂಬುದು ಮಂತ್ರಿ ಅನ್ಯೂರಿನ್ ಬೆವಾನರ ಆಶಯ. ವಾರಕ್ಕೆ 26 ಶಿಲಿಂಗ್ ಪಿಂಚಣಿ. ಅದರಲ್ಲಿ 21 ಶಿಲಿಂಗ್ ಮನೆಯ ಖರ್ಚಿಗೆ, 5 ಶಿಲಿಂಗ್ ಮುದುಕನ ಸ್ವಂತ ಜೇಬಿಗೆ. ಆ ಐದು ಶಿಲಿಂಗಿನ ಅರ್ಥವನ್ನು ಮರೆಯಬೇಡಿ. ಮತ್ತೆ ಅಲ್ಲಿಗೆ ಬರುತ್ತೇವೆ.

ಆಮೇಲೇನಾಯಿತು? ಪೀಟರ್ ಟೌನ್ಸೆಂಡ್ ಎಂಬ ಸಮಾಜವಾದಿ ವಿದ್ವಾಂಸರು ಇಂಗ್ಲೆಂಡು, ವೇಲ್ಸ್ ಸುತ್ತಿ 173 ಮನೆಗಳನ್ನು ಕಣ್ಣಾರೆ ಕಂಡು 1962ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕಾನೂನು ಬದಲಾಗಿ ಹತ್ತು ವರ್ಷ ಕಳೆದಿದ್ದರೂ ಸಾವಿರಾರು ಮುದುಕರು ಅದೇ ಹಳೆಯ ದುಡಿಮೆ ಮನೆಗಳ ಗೋಡೆಗಳೊಳಗೇ ಇದ್ದರು. ಸಾಲು ಸಾಲು ಹಾಸಿಗೆ, ಬೀಗ ಹಾಕಿಕೊಳ್ಳಲು ಸ್ವಂತದ ಒಂದು ಪೆಟ್ಟಿಗೆಯೂ ಕಷ್ಟ, ಹೊತ್ತು ಕಳೆಯಲು ಗೋಡೆಗೆ ಒರಗಿಸಿದ ಕುರ್ಚಿ. ಬೋರ್ಡು ಬದಲಾಗಿತ್ತು, ಬದುಕು ಬದಲಾಗಿರಲಿಲ್ಲ. ಹಣ ಸರಕಾರದಿಂದ ಬರಬೇಕು, ಸಂಶಯವಿಲ್ಲ. ಆದರೆ ನೆರೆಹೊರೆಯವರು ದಿನವೂ ಒಳಗೆ ಕಾಲಿಡದ ಮನೆ ಎಷ್ಟು ಒಳ್ಳೆಯ ಕಾನೂನಿನಿಂದ ಹುಟ್ಟಿದರೂ ಜೈಲಾಗುತ್ತದೆ.

ಮೂರನೆಯ ಆಕ್ಷೇಪಣೆ: ಇದು ನಮ್ಮಿಂದಾಗದು, ಇದಕ್ಕೆ ಡಾಕ್ಟರು, ನರ್ಸು, ದೊಡ್ಡ ಆಸ್ಪತ್ರೆಯೇ ಬೇಕು. ನಮ್ಮ ಭಯಕ್ಕೂ ಇದೇ ಮೂಲ. ಇದಕ್ಕೆ ಉತ್ತರ ಹುಡುಕಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಪಕ್ಕದ ಕೇರಳದಲ್ಲೇ ಇದೆ.

1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಸೇರಿ, ವಾಸಿಯಾಗದ ರೋಗಗಳಿಂದ ನರಳುವವರ ನೋವನ್ನು ಇಳಿಸುವುದಕ್ಕಾಗಿ ಒಂದು ಸಂಘ ಕಟ್ಟಿದರು. ಕೆಲವು ವರ್ಷಗಳಲ್ಲೇ ಅವರಿಗೆ ಒಂದು ಸತ್ಯ ಹೊಳೆಯಿತು. ಆಸ್ಪತ್ರೆಗೆ ಬಂದವನ ನೋವಿಗೆ ಮಾತ್ರೆ ಕೊಡಬಹುದು. ಆದರೆ ಹಾಸಿಗೆ ಹಿಡಿದವನು ಆಸ್ಪತ್ರೆಗೆ ಬರುವುದೇ ಇಲ್ಲ. ಬಸ್ಸಿಗೆ ಹತ್ತಿಸುವವರಿಲ್ಲ, ಮನೆಯಲ್ಲಿ ಅಕ್ಕಿ ಮುಗಿದಿದೆ, ಮಗ ಶಾಲೆ ಬಿಟ್ಟಿದ್ದಾನೆ. ಇದಕ್ಕೆ ಡಾಕ್ಟರರ ಚೀಟಿಯಲ್ಲಿ ಔಷಧವಿಲ್ಲ. ಔಷಧ ಇರುವುದು ನೆರೆಹೊರೆಯಲ್ಲಿ. ಹೀಗೆ 1999ರ ಸುಮಾರಿಗೆ ಮಲಪ್ಪುರಂ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ನೆರೆಹೊರೆಯ ಜಾಲವೊಂದು ಹುಟ್ಟಿತು.

ಅದರ ಕ್ರಮ ಸರಳ. ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಮುಂದೆ ಬರಬೇಕು. ಅವರಿಗೆ 16 ಗಂಟೆಗಳ ಪಾಠ, ಜೊತೆಗೆ ತಿಳಿದವರ ಕೈಕೆಳಗೆ ನಾಲ್ಕು ದಿನ ಕೆಲಸ. ಅಷ್ಟು ಕಲಿತವರು ತಮ್ಮ ಬೀದಿಯ ರೋಗಿಗಳ ಮನೆಗೆ ಹೋಗುತ್ತಾರೆ. ಮೈ ಒರೆಸುವುದು, ಹುಣ್ಣು ನೋಡುವುದು, ಮನೆಯವರಿಗೆ ಕಲಿಸುವುದು, ಅಕ್ಕಿ ಬೇಕಾದರೆ ಅಕ್ಕಿ, ಕಾಗದಪತ್ರ ಬೇಕಾದರೆ ಕಾಗದಪತ್ರ. ಅವರ ಹಿಂದೆ ನರ್ಸು, ನರ್ಸಿನ ಹಿಂದೆ ಡಾಕ್ಟರು. ಹಣವನ್ನು ಬಹುಮಟ್ಟಿಗೆ ಊರಿನವರ ಚಿಲ್ಲರೆ ಕಾಸಿನಿಂದಲೇ ಕೂಡಿಸಿದರು. ಕೂಲಿಕಾರರು, ಗೃಹಿಣಿಯರು, ವಿದ್ಯಾರ್ಥಿಗಳು, ಅಂಗಡಿಯವರು ಕೈಹಾಕಿದರು. ಜನ ಮೊದಲು ಮಾಡಿ ತೋರಿಸಿದರು, ಸರಕಾರ ಹಿಂದೆ ಬಂತು: 2008ರಲ್ಲಿ ಕೇರಳ ಸರಕಾರ ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು, ಪಂಚಾಯತಿಗಳು ಮನೆಮನೆಗೆ ಹೋಗುವ ನರ್ಸುಗಳನ್ನು ಇಟ್ಟುಕೊಳ್ಳುವುದಕ್ಕೆ ದಾರಿಯಾಯಿತು.

ಅಲ್ಲಿಯದು ಮನೆಯಲ್ಲಿ ನಡೆಯುವ ಆರೈಕೆ, ನಾವು ಕಟ್ಟುತ್ತಿರುವುದು ಒಂದು ಮನೆ ಎಂದು ನೀವು ಕೇಳಬಹುದು. ಭೇದವಿದೆ. ಸ್ವಂತ ಸೂರಿದ್ದು ನೋಡುವವರಿದ್ದರೆ ಮುದುಕರು ಅಲ್ಲಿಯೇ ಇರಬೇಕು, ನಮ್ಮ ಕೈಗಳು ಅಲ್ಲಿಗೇ ಹೋಗಬೇಕು. ಸೂರಿಲ್ಲದವರಿಗೆ, ನೋಡುವವರಿಲ್ಲದವರಿಗೆ ಈ ಮನೆ. ಆದರೆ ಎರಡಕ್ಕೂ ಬೇಕಾದ ಕಸುಬು ಒಂದೇ. ಆ ಕಸುಬನ್ನು ಕೂಲಿಯವನೂ ಕಿರಾಣಿ ಅಂಗಡಿಯವನೂ ಕಲಿಯಬಲ್ಲ ಎಂಬುದನ್ನು ಮಲಪ್ಪುರಂ ತೋರಿಸಿಕೊಟ್ಟಿದೆ.

ಆ ಕಸುಬು ಏನು? ಒಂದು ಉದಾಹರಣೆ ಕೊಡುತ್ತೇವೆ. ಅಲುಗಾಡಲಾಗದವರು ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಮೈಭಾರ ಬೀಳುವ ಕಡೆ, ಅಂದರೆ ಬೆನ್ನಿನ ಕೆಳಗೆ, ಸೊಂಟದ ಮೂಳೆಯ ಮೇಲೆ, ಹಿಮ್ಮಡಿಯಲ್ಲಿ, ರಕ್ತದ ಓಡಾಟ ನಿಲ್ಲುತ್ತದೆ. ಮೊದಲು ಚರ್ಮ ಕೆಂಪಾಗುತ್ತದೆ, ಆಮೇಲೆ ಕೀಳುತ್ತದೆ, ಕೊನೆಗೆ ಮೂಳೆ ಕಾಣುವಷ್ಟು ಹುಣ್ಣಾಗುತ್ತದೆ. ಒದ್ದೆ ಬಟ್ಟೆ ಅದನ್ನು ಇನ್ನಷ್ಟು ಬೇಗ ತರುತ್ತದೆ. ಇದನ್ನು ತಡೆಯಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲಿರುಳು ಸೇರಿ ದಿನಕ್ಕೆ 12 ಸಾರಿ. ಇದಕ್ಕೆ ಡಾಕ್ಟರು ಬೇಕಿಲ್ಲ, ಎಚ್ಚರವಿರುವ ಎರಡು ಜೊತೆ ಕೈ ಬೇಕು. ಹಾಗೆಯೇ ಊಟ: ಲಕ್ವ ಹೊಡೆದವರಿಗೆ ಮಲಗಿದಲ್ಲೇ ಗಂಜಿ ಹಾಕಿದರೆ ಅದು ಪುಪ್ಪುಸಕ್ಕೆ ಇಳಿದು ಪ್ರಾಣಕ್ಕೆ ಎರವಾದೀತು. ಎತ್ತಿ ಕೂರಿಸಿ, ತುತ್ತು ತುತ್ತಾಗಿ ಕೊಟ್ಟು, ಊಟವಾದ ಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ, ರಾತ್ರಿ ಉರಿಯುವ ಒಂದು ದೀಪ, ಇವೆರಡಿದ್ದರೆ ಎಷ್ಟೋ ಸೊಂಟಗಳು ಮುರಿಯದೆ ಉಳಿಯುತ್ತವೆ.

ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಯಂತ್ರವನ್ನು ನೋಡುವವರಿಲ್ಲದೆ ಒಂದು ಪಾಳಿ ಬಿಡುವುದಿಲ್ಲ ನಾವು. ನೂಲು ಹರಿದರೆ ಓಡಿ ಹೋಗಿ ಗಂಟು ಹಾಕುತ್ತೇವೆ. ಆ ಯಂತ್ರ ನಡೆಸಿದ ಮನುಷ್ಯನಿಗೆ ಮೂರು ಪಾಳಿ ಏಕಿರಬಾರದು?

ಈಗ ಲೆಕ್ಕಕ್ಕೆ ಬನ್ನಿ, ವ್ಯಾಪಾರಿ ಮಿತ್ರರು ಸರಿಯಾಗಿ ತಾಳೆ ನೋಡಲಿ. ವಾರಕ್ಕೆ 168 ಗಂಟೆ. ಒಬ್ಬರಿಗೆ ಎರಡು ಗಂಟೆಯಂತೆ ಹಂಚಿದರೆ 84 ಮಂದಿ. ಅಂದರೆ 84 ಮಂದಿ ವಾರಕ್ಕೆ ಎರಡೇ ಗಂಟೆ ಕೊಟ್ಟರೆ ಆ ಮನೆಯಲ್ಲಿ ಹಗಲೂ ರಾತ್ರಿ ಒಂದು ಜೊತೆ ಕೈ ತಪ್ಪದೆ ಇರುತ್ತದೆ. ಈ ಸಭೆಯಲ್ಲಿ ಅದಕ್ಕಿಂತ ಹೆಚ್ಚು ಮಂದಿ ಕುಳಿತಿದ್ದೀರಿ. ಇನ್ನೊಂದು ಜೊತೆ ಕೈ ಸಂಬಳದ್ದಾಗಿರಬೇಕು: ಕೆಲಸ ಕಲಿತ ಆಯಾಗಳು, ದಿನವೂ ಬಂದು ನೋಡುವ ಒಬ್ಬ ನರ್ಸು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಸೇವೆಯ ಹೆಸರಿನಲ್ಲಿ ಆಯಾಗಳ ಸಂಬಳಕ್ಕೆ ಕತ್ತರಿ ಹಾಕಲು ನಾವು ಒಪ್ಪುವುದಿಲ್ಲ. ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗೆ ಒಂದು ಪೈಸೆಯೂ ಕಡಿಮೆಯಾಗಬಾರದು. ವಾರದ ರಜೆ ತಪ್ಪಬಾರದು. ಗಿರಣಿಯ ಬಾಗಿಲಲ್ಲಿ ಕೂಲಿಗಾಗಿ ಕೂಗಿದವರು ತಾವು ಧಣಿಗಳಾದಾಗ ಬೇರೆ ನಾಲಿಗೆಯಲ್ಲಿ ಮಾತಾಡಿದರೆ ಅದಕ್ಕಿಂತ ನಾಚಿಕೆಗೇಡು ಮತ್ತೊಂದಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಿಬಿಡುತ್ತೇವೆ. ಇಪ್ಪತ್ತು ಮಂದಿಯ ಮನೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೆವು. ಏಳನೆಯ ನಿಯಮ ಹೋದರೆ, ಇರುವ ಹಣದಲ್ಲಿ ಮೊದಲ ವರ್ಷ ಹತ್ತೇ ಹಾಸಿಗೆ. ಹೆಸರು ಕೊಟ್ಟವರಲ್ಲಿ ಗಟ್ಟಿಯಾಗಿರುವ ಕೆಲವರು ಕಾಯಬೇಕಾಗುತ್ತದೆ. ಅವರಲ್ಲಿ ನಮ್ಮ ನಿಮ್ಮ ಬಂಧುಗಳೂ ಇದ್ದಾರೆ, ಬೈಗುಳ ಕೇಳಬೇಕಾದೀತು. ಆದರೂ ಇಪ್ಪತ್ತು ಸುಲಭದ ಹಾಸಿಗೆಗಿಂತ ಹತ್ತು ಕಷ್ಟದ ಹಾಸಿಗೆ ಮೇಲು. ಗಟ್ಟಿಯಾಗಿರುವವನು ಇಂದು ಒಳಕ್ಕೆ ಬಂದರೂ ನಾಳೆ ಬೀಳುವವನೇ. ಅಂದು ಏಳನೆಯ ನಿಯಮವನ್ನು ತೋರಿಸಿ ಅವನನ್ನು ಆಚೆ ಕಳಿಸುವವರು ಯಾರು? ನಾವೇ ತಾನೆ?

ಆದುದರಿಂದ ಏಳನೆಯ ನಿಯಮದ ಜಾಗದಲ್ಲಿ ಬರಬೇಕಾದುದನ್ನು ಓದುತ್ತೇವೆ. ಪರರ ನೆರವಿಲ್ಲದೆ ಏಳಲಾಗದವರಿಗೆ ಮೊದಲ ಹಕ್ಕು. ಗಂಡಹೆಂಡತಿಯರು ಬಂದರೆ ಅವರನ್ನು ಅಗಲಿಸಕೂಡದು. ಜಾತಿ, ಮತ, ಪಕ್ಷ ಕೇಳಕೂಡದು. ಅಡಿಗೆ ಒಂದೇ, ಪಂಕ್ತಿ ಒಂದೇ.

ಇದರ ಜೊತೆಗೆ ಇನ್ನು ನಾಲ್ಕು ಮಾತು ಸೇರಬೇಕು. ಮೊದಲನೆಯದಾಗಿ, ಅಲ್ಲಿರುವ ಪ್ರತಿಯೊಬ್ಬರಿಗೂ ಒಂದು ಪೆಟ್ಟಿಗೆ, ಅದರ ಬೀಗದಕೈ ಅವರ ಸೊಂಟದಲ್ಲೇ ಇರಬೇಕು. ಪಿಂಚಣಿ ಬರುವವರಿಂದ ಮನೆಗೆ ಒಂದು ಭಾಗ ತೆಗೆದುಕೊಂಡರೂ ಒಂದು ಭಾಗ ಅವರ ಕೈಯಲ್ಲಿ ಉಳಿಯಲೇಬೇಕು. ಆ ಐದು ಶಿಲಿಂಗಿನ ಅರ್ಥ ಇದೇ. ಮೊಮ್ಮಗ ನೋಡಲು ಬಂದಾಗ ಪೆಪ್ಪರಮೆಂಟು ಕೊಡಿಸಲು ಯಾರನ್ನೂ ಕೇಳಬೇಕಾಗಿರದವನು ಇನ್ನೂ ಅಜ್ಜ. ಕೇಳಬೇಕಾದವನು ಬರೀ ರೋಗಿ.

ಎರಡನೆಯದಾಗಿ, ವಾರಕ್ಕೊಮ್ಮೆ ಅಲ್ಲಿರುವವರ ಸಭೆ ನಡೆಯಬೇಕು. ಊಟಕ್ಕೆ ಏನು, ಏಳುವುದು ಎಷ್ಟು ಹೊತ್ತಿಗೆ, ರೇಡಿಯೋ ಯಾವಾಗ, ಯಾವ ಆಯಾ ಬಿರುಸು, ಎಲ್ಲವನ್ನೂ ಅಲ್ಲಿ ಮಾತಾಡಬೇಕು. ಮಾತು ಬಿದ್ದುಹೋದವರ ಪರವಾಗಿ ಮಾತಾಡುವವರೂ ಇರಬೇಕು. ಆಡಳಿತ ಸಮಿತಿಯಲ್ಲಿ ಅವರಿಗೆ ಎರಡು ಸ್ಥಾನ. ನೋಡಲು ಬರುವವರಿಗೆ ಬಾಗಿಲು ಎಂದೂ ಮುಚ್ಚಿರಬಾರದು; ಮುಚ್ಚಿದ ಬಾಗಿಲಿನ ಹಿಂದೆಯೇ ಅನ್ಯಾಯ ಹುಟ್ಟುವುದು.

ಮೂರನೆಯದಾಗಿ, ತಿಂಗಳ ಕಿರ್ದಿ ಖಾತೆ ಬಾಗಿಲಿನ ಹಲಗೆಯ ಮೇಲೆ ಬರಬೇಕು. ದೊಡ್ಡ ದಾನಿಯ ಹತ್ತು ಸಾವಿರಕ್ಕೂ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಲ್ಲಿ ಬಿದ್ದ ಹತ್ತು ರೂಪಾಯಿಗೂ ಒಂದೇ ಸಾಲು, ಒಂದೇ ಅಕ್ಷರ. ಗೋಡೆಯ ಮೇಲೆ ಯಾರ ಹೆಸರಿನ ಕಲ್ಲೂ ಬೇಡ.

ನಾಲ್ಕನೆಯದಾಗಿ, ಸರಕಾರದ ಮೇಲಿನ ನಮ್ಮ ಹಕ್ಕನ್ನು ಬಿಟ್ಟುಕೊಡಬಾರದು. ಜಿಲ್ಲಾ ಆಸ್ಪತ್ರೆಯ ವೈದ್ಯರು ಗೊತ್ತಾದ ದಿನ ಬರಬೇಕು, ಔಷಧ ಸರಕಾರದಿಂದಲೇ ಬರಬೇಕು, ಪುರಸಭೆ ನೀರಿಗೆ ಹಣ ಕೇಳಬಾರದು. ನಾವು ಮಾಡುತ್ತಿದ್ದೇವೆಂದು ಸರಕಾರ ಕೈತೊಳೆದುಕೊಳ್ಳುವುದಾದರೆ ಈ ಮನೆ ಅದರ ಲೋಪಕ್ಕೆ ಹೊದಿಸಿದ ಬಟ್ಟೆಯಾದೀತು. ಹಾಗಾಗಬಾರದು. ಹೇಗೆ ಮಾಡಬಹುದೆಂದು ತೋರಿಸುವ ಮನೆ ಇದಾಗಬೇಕು. ಎಲ್ಲ ಊರಿನಲ್ಲೂ ಮಾಡು ಎಂದು ಕೇಳುವ ಧೈರ್ಯ ಅದರಿಂದಲೇ ಬರುವುದು.

ಬಂಧುಗಳೇ, ಮಾತು ಮುಗಿಸುತ್ತೇವೆ. ಬಾಗಿಲ ಬಳಿಯ ಮೇಜಿನ ಮೇಲೆ ಎರಡು ಕಾಗದಗಳಿವೆ. ಒಂದರಲ್ಲಿ ಏಳನೆಯ ನಿಯಮದ ಮೇಲೆ ನಿಮ್ಮ ಮತ. ಇನ್ನೊಂದರಲ್ಲಿ ವಾರದ 84 ಮನೆಗಳನ್ನು ಗೆರೆ ಹಾಕಿ ಬಿಟ್ಟಿದ್ದೇವೆ, ಒಂದೊಂದು ಮನೆಗೆ ಎರಡು ಗಂಟೆ. ಮೊದಲನೆಯದರಲ್ಲಿ ಎಲ್ಲರೂ ಕೈ ಎತ್ತಿ, ಎರಡನೆಯದರಲ್ಲಿ ಯಾರೂ ಹೆಸರು ಬರೆಯದಿದ್ದರೆ ನಾವು ಏಳನೆಯ ನಿಯಮವನ್ನು ಹೊಡೆದಂತಾಗಲಿಲ್ಲ, ಅದನ್ನು ಬಚ್ಚಿಟ್ಟಂತಾಯಿತು. ಆದುದರಿಂದ ಎರಡನೆಯ ಕಾಗದಕ್ಕೆ ಮೊದಲು ಹೋಗಿ. ಸಮಿತಿಯವರು ರಾತ್ರಿಯ ಹೊತ್ತಿನ ಮನೆಗಳಲ್ಲಿ ತಮ್ಮ ಹೆಸರುಗಳನ್ನು ಆಗಲೇ ಬರೆದಿದ್ದಾರೆ.

ಆ ಹಿರಿಯರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಹೆಂಡತಿಯನ್ನು ಪಕ್ಕದ ಮನೆಯ ಹುಡುಗಿಯ ಕೈಗೆ ಒಪ್ಪಿಸಿ ಬಂದಿದ್ದಾರೆ. ಮಗ್ಗುಲು ಬದಲಿಸಲು ಹೊತ್ತಾಗುವುದರೊಳಗೆ ಅವರು ಮನೆ ಸೇರಬೇಕು. ಅವರು ಹೊರಡುವ ಮುಂಚೆ ನಮ್ಮ ಉತ್ತರ ಕೇಳಿಸಿಕೊಂಡು ಹೋಗಲಿ.